ನೊಣದಕ್ಕನ ನಡುಗುವ ಕೈ

ತುಂಬಿದ ಮದುವೆ ಮನೆಯಲ್ಲಿ, ಎಲ್ಲರೂ ನೋಡುತ್ತಿರುವಾಗ, ಸ್ವಂತ ಅಣ್ಣನೇ ಅವಳ ಕೈಯಿಂದ ಕ್ಯಾಮೆರಾ ಕಿತ್ತುಕೊಂಡ ದಿನದಿಂದ ಈ ಕಥೆ ಶುರು ಮಾಡಬೇಕು. ಅದಕ್ಕೂ ಹಿಂದಿನದು ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ನನ್ನ ಬೈಂಡಿಂಗ್ ಅಂಗಡಿಯ ಎದುರಿಗೇ ಅವರ ಫೋಟೋ ಸ್ಟುಡಿಯೋ. ಅಪ್ಪ ಕಟ್ಟಿದ್ದು, ಅಪ್ಪ ಹೋದಮೇಲೆ ಅಣ್ಣ ತಂಗಿ ಸೇರಿ ನಡೆಸಿಕೊಂಡು ಬಂದದ್ದು. ಮಾತುಕತೆ, ಓಡಾಟ, ವ್ಯವಹಾರ ಅಣ್ಣನದು. ಕ್ಯಾಮೆರಾ ತಂಗಿಯದು. ಬೀದಿಯವರಿಗೆಲ್ಲ ಅವಳು ಸ್ಟುಡಿಯೋ ಅಕ್ಕ. ನನ್ನ ಲೈಸೆನ್ಸಿನಿಂದ ಹಿಡಿದು ನನ್ನ ಮಗಳ ಮದುವೆಯ ಆಲ್ಬಮ್ಮಿನವರೆಗೆ ನಮ್ಮ ಮನೆಯ ಮುಖಗಳೆಲ್ಲ ಅವಳ ಕಣ್ಣಿನ ಮುಂದೆ ಹಾದುಹೋದವೇ.

ಐವತ್ತರ ಹತ್ತಿರ ಬರುವಾಗ ಅವಳ ಬಲಗೈ ನಡುಗಲು ಶುರುವಾಯಿತು. ಮೊದಮೊದಲು ಅವಳಿಗೂ ಗೊತ್ತಾಗಲಿಲ್ಲ. ಕೈ ತೊಡೆಯ ಮೇಲೆ ಸುಮ್ಮನಿದ್ದರೆ ಸುಮ್ಮನೇ ಇರುತ್ತಿತ್ತು. ಏನನ್ನಾದರೂ ಹಿಡಿಯಲು ಹೋದರೆ ಸಾಕು, ಗಾಳಿಗೆ ಸಿಕ್ಕ ಎಲೆಯಾಗುತ್ತಿತ್ತು. ಆ ಮದುವೆಯಲ್ಲಿ ವಧುವಿನ ಮುಖವನ್ನು ಹತ್ತಿರದಿಂದ ತೆಗೆಯಲು ಕ್ಯಾಮೆರಾ ಎತ್ತಿದಾಗ ಪಕ್ಕದಲ್ಲಿ ನಿಂತಿದ್ದ ವರನ ಸೋದರಮಾವ ಜೋರಾಗಿ ಕೇಳಿದ: "ಏನಮ್ಮ, ಬೆಳ್‌ಬೆಳಿಗ್ಗೇನೇ ಏರಿಸ್ಕೊಂಡು ಬಂದಿದೀಯಾ?"

ಸುತ್ತ ಇದ್ದವರು ಗೊಳ್ಳೆಂದರು. ಅಣ್ಣ ದಾಪುಗಾಲಿಡುತ್ತ ಬಂದ. ಆ ಸೋದರಮಾವನಿಗೆ ನಾಲ್ಕು ಮಾತು ಹೇಳುತ್ತಾನೆ ಅಂದುಕೊಂಡಳು ಅವಳು. ಅಣ್ಣ ಅವಳ ಕುತ್ತಿಗೆಯಿಂದ ಕ್ಯಾಮೆರಾದ ಪಟ್ಟಿ ತೆಗೆದು ತನ್ನ ಕುತ್ತಿಗೆಗೆ ಹಾಕಿಕೊಂಡ.

"ಹೋಗಿ ಕಾರಲ್ಲಿ ಕೂತ್ಕೊ" ಅಂದ, ಮುಖ ನೋಡದೆ.

ಡಾಕ್ಟರು ನೋಡಿದರು. ನರಕ್ಕೆ ಸಂಬಂಧಿಸಿದ್ದು, ಜೀವಕ್ಕೇನೂ ಅಪಾಯವಿಲ್ಲ, ಮಾತ್ರೆ ತೆಗೆದುಕೊಂಡರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ ಅಂದರು. ಅಣ್ಣ ಕೆಟ್ಟವನಲ್ಲ. ತಂಗಿಯ ಮೇಲೆ ಅವನಿಗೆ ಪ್ರೀತಿ ಇತ್ತು. ಆದರೆ ನಾಲ್ಕು ಜನರ ಬಾಯಿಗೆ ಹೆದರುವ ಸ್ವಭಾವ. ಅವಳನ್ನು ಕೌಂಟರಿನ ಹಿಂದೆ ಕೂರಿಸಿದ.

"ಇಷ್ಟು ವರ್ಷ ದುಡಿದಿದೀಯ. ಇನ್ನು ಆರಾಮಾಗಿರು. ಗಿರಾಕಿ ಬಂದ್ರೆ ನನ್ನ ಕರಿ. ಯಾರೂ ಬರ್ಲಿಲ್ಲ ಅಂದ್ರೆ ನೊಣ ಹೊಡೀತಾ ಕೂತ್ಕೊ."

ಅವನು ಅದನ್ನು ತಮಾಷೆಗೆ ಹೇಳಿದ್ದು. ಅವಳಿಗೆ ಅದು ಮೈಗೆ ಮುಳ್ಳು ಚುಚ್ಚಿದ ಹಾಗಾಯಿತು. ಕೌಂಟರಿನ ಗಾಜಿನ ಮೇಲೆ ನಿಜಕ್ಕೂ ಒಂದು ನೊಣ ಕೂತಿತ್ತು. ಕೆಲಸಕ್ಕೆ ಕೂರುವವರು ಅಂಗೈ ಉಜ್ಜಿಕೊಳ್ಳುವ ಹಾಗೆ ಮುಂಗಾಲೆರಡನ್ನೂ ಉಜ್ಜಿಕೊಳ್ಳುತ್ತಿತ್ತು. ಮಾಡಲು ಬೇರೇನೂ ಇಲ್ಲದೆ ಅವಳು ಅದನ್ನೇ ನೋಡಿದಳು. ಆಮೇಲೆ ಡ್ರಾಯರಿನಿಂದ ಭೂತಗನ್ನಡಿ ತೆಗೆದು ನೋಡಿದಳು. "ಹೊಡಿ ಅಂದ. ಹೊಡೆಯೋಕೆ ಮುಂಚೆ ಯಾರು ಅಂತ ನೋಡ್ಬೇಕಲ್ವಾ" ಎಂದು ಆಮೇಲೊಮ್ಮೆ ನನ್ನ ಹತ್ತಿರ ನಕ್ಕಿದ್ದಳು.

ಮರುದಿನ ಅಣ್ಣ ಹೊರಗೆ ಹೋದಾಗ ಕಪಾಟಿನಲ್ಲಿದ್ದ ಹಳೆಯ ಕ್ಯಾಮೆರಾ ಇಳಿಸಿದಳು. ಅದರ ಮಾಮೂಲಿ ಲೆನ್ಸಿನಲ್ಲಿ ಎಷ್ಟು ಹತ್ತಿರ ಹೋದರೂ ನೊಣ ಒಂದು ಎಳ್ಳಿನಷ್ಟೇ. ಇನ್ನೂ ಹತ್ತಿರ ಹೋದರೆ ಎಲ್ಲವೂ ಮಂಜು. ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸಲು ಒಂದು ಬಳೆಯಂಥ ರಿಂಗ್ ಬರುತ್ತದೆ. ಅದನ್ನು ಹಾಕಿ ನೋಡಿದಳು. ಈಗ ನೊಣ ದೊಡ್ಡದಾಗಿ ಕಂಡಿತು ನಿಜ, ಆದರೆ ಲೆನ್ಸು ಅದರ ಬೆನ್ನಿಗೆ ತಾಗುವಷ್ಟು ಹತ್ತಿರ ಹೋಗಬೇಕು. ಲೆನ್ಸಿನ ನೆರಳೇ ನೊಣದ ಮೇಲೆ ಬಿದ್ದು ಕತ್ತಲಾಗುತ್ತದೆ. ಕೈ ಒಂದಿಷ್ಟು ನಡುಗಿದರೆ ಗಾಜಿಗೆ ಟಕ್ ಎಂದು ಬಡಿಯುತ್ತದೆ, ನೊಣ ಹಾರಿಹೋಗುತ್ತದೆ. ಹತ್ತಿರದ ಚಿತ್ರ ಬೇಕು, ಆದರೆ ದೂರದಲ್ಲಿ ನಿಂತು ತೆಗೆಯಲು ಬರಬೇಕು. ಅಂಥ ಲೆನ್ಸು ಅದೇ ಕಪಾಟಿನಲ್ಲಿ ಡಬ್ಬಿಯೊಳಗೆ ಮಲಗಿತ್ತು. ಮದುವೆಯ ಉಂಗುರಗಳನ್ನು ದೊಡ್ಡದಾಗಿ ತೆಗೆಯುತ್ತೇನೆಂದು ಅಣ್ಣ ಕೊಂಡ ನೂರು ಎಂಎಂ ಮ್ಯಾಕ್ರೋ. ಎರಡು ಸಲ ಪ್ರಯತ್ನಿಸಿ, ಫೋಕಸ್ ಕೂರದೆ ಬೇಸತ್ತು, ಒಳಗಿಟ್ಟಿದ್ದ.

"ಅದನ್ನ ಕೊಡು" ಅಂದಳು, ಅಣ್ಣ ವಾಪಸು ಬಂದಮೇಲೆ.

"ಅದು ಕೈ ಗಟ್ಟಿ ಇರೋರ ಲೆನ್ಸ್ ಕಣೇ. ಅಷ್ಟು ಹತ್ತಿರ ಹೋದಾಗ ಕೂದಲೆಳೆ ಅಲ್ಲಾಡಿದ್ರೂ ಫೋಟೋ ಹೋಯ್ತು. ನಿನಗ್ಯಾಕೆ?"

"ಗಟ್ಟಿ ಕೈ ಇರೋ ನೀನು ಎಷ್ಟು ಸಲ ಅದನ್ನ ಡಬ್ಬಿಯಿಂದ ಆಚೆ ತೆಗ್ದಿದೀಯ?"

"ಹಠ ಮಾಡ್ಬೇಡ. ಬೀಳಿಸಿಬಿಡ್ತೀಯ."

"ಬಿದ್ರೆ ನನ್ನ ಪಾಲಿಂದು ಬಿತ್ತು ಅಂದ್ಕೊ. ಇದು ಅಪ್ಪನ ಸ್ಟುಡಿಯೋ, ನಿನ್ನ ಮಾವನದಲ್ಲ. ನಾನು ಕೇಳಿದ್ದು ಮರ್ಯಾದೆಗೆ."

ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.

ಅವಳ ಗಂಡ ಬೇಕರಿಯಲ್ಲಿ ಒಲೆಯ ಕೆಲಸದವನು. ಜಗತ್ತು ಏಳುವ ಹೊತ್ತಿಗೆ ಅವನ ಅರ್ಧ ಕೆಲಸ ಮುಗಿದಿರುತ್ತದೆ. ಬೇಕರಿಯ ಹಿಂದೆ ಯಾರೂ ಮನೆ ಕಟ್ಟದೆ ಬಿಟ್ಟ ಒಂದು ಖಾಲಿ ಸೈಟು, ಮೊಣಕಾಲುದ್ದ ಹುಲ್ಲು, ಕಳೆಗಿಡ. ಬೆಳಗಿನ ತಂಪಿನಲ್ಲಿ ನೊಣಗಳು ಹುಲ್ಲಿನ ಕಡ್ಡಿಗಳನ್ನು ಅಪ್ಪಿಕೊಂಡು ಮರಗಟ್ಟಿ ಕೂತಿರುತ್ತವೆ, ಬಿಸಿಲು ಬರುವವರೆಗೆ ಅಲ್ಲಾಡುವುದಿಲ್ಲ ಎಂದು ಹೇಳಿದವನು ಗಂಡನೇ. ಅವಳು ಗಂಡನ ಜೊತೆಯಲ್ಲೇ ಎದ್ದು ಬರತೊಡಗಿದಳು. ಅವನು ಒಳಗೆ ಬ್ರೆಡ್ಡು ಒಲೆಗೆ ತಳ್ಳುತ್ತಿದ್ದರೆ ಇವಳು ಹೊರಗೆ ಹಳೆಯ ಗೋಣಿಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿರುತ್ತಿದ್ದಳು.

ಬೇಕರಿ ಮಾಲೀಕ ಒಂದೆರಡು ದಿನ ನೋಡಿ ಗಾಬರಿಯಾದ. "ಅಮ್ಮ, ನೀವು ಏನ್ ಬೇಕಾದ್ರೂ ತೆಗೀರಿ. ಆದ್ರೆ ಇವು ನಮ್ಮ ಬೇಕರಿ ನೊಣ ಅಂತ ಮಾತ್ರ ಎಲ್ಲೂ ಹೇಳ್ಬೇಡಿ, ನಿಮ್ಮ ದಮ್ಮಯ್ಯ."

ತಿಂಗಳುಗಟ್ಟಲೆ ಒಂದು ಚಿತ್ರವೂ ಬರಲಿಲ್ಲ. ಇಷ್ಟು ಹತ್ತಿರದಲ್ಲಿ ಲೆನ್ಸಿಗೆ ಸ್ಪಷ್ಟವಾಗಿ ಕಾಣುವ ಜಾಗ ಒಂದು ಕಾಗದದ ಹಾಳೆಯಷ್ಟು ತೆಳ್ಳಗೆ. ಕಣ್ಣು ಸರಿಯಿದ್ದರೆ ರೆಕ್ಕೆ ಮಂಜು. ರೆಕ್ಕೆ ಸರಿಯಿದ್ದರೆ ಕಣ್ಣು ಮಂಜು. ಸ್ಟ್ಯಾಂಡ್ ಹಾಕಿದಳು. ಅದರ ಮೂರು ಕಾಲು ಸರಿಮಾಡುವಷ್ಟರಲ್ಲಿ ಹುಲ್ಲು ಅಲ್ಲಾಡಿ ನೊಣ ಜಾಗ ಬದಲಿಸುತ್ತಿತ್ತು. ಮಾತ್ರೆ ಹೆಚ್ಚು ನುಂಗಿ ನೋಡಿದಳು. ಕೈ ಕೊಂಚ ನಿಂತಿತು, ಆದರೆ ತೂಕಡಿಕೆ ಬಂದು ಗೋಣಿಯ ಮೇಲೆಯೇ ನಿದ್ದೆ ಹೋದಳು. ಗಂಡ ಬಂದು ಎಬ್ಬಿಸಿ, "ನೊಣಗಳೇ ನಿನ್ನ ಫೋಟೋ ತೆಕ್ಕೊಂಡು ಹೋದ್ವು" ಅಂದ. ಅವಳು ನಗಲಿಲ್ಲ. ಅವತ್ತು ಅವಳು ಅತ್ತಳಂತೆ. ಅತ್ತು, ಮೂಗು ಒರೆಸಿಕೊಂಡು, ಮತ್ತೆ ಮಲಗಿದಳಂತೆ.

ದಾರಿ ಸಿಕ್ಕಿದ್ದು ಸಿಟ್ಟಿನಲ್ಲಿ. ಒಂದು ಬೆಳಿಗ್ಗೆ ಫೋಕಸ್ ರಿಂಗನ್ನು ತಿರುಗಿಸಿ ತಿರುಗಿಸಿ ಸಾಕಾಗಿ, ಅದನ್ನು ಅತಿ ಹತ್ತಿರದ ಗುರುತಿಗೆ ತಂದು ಟೇಪು ಅಂಟಿಸಿಬಿಟ್ಟಳು. ಮರಳು ತುಂಬಿದ ಸಣ್ಣ ಬಟ್ಟೆ ಚೀಲವನ್ನು ಲೆನ್ಸಿನ ಕೆಳಗಿಟ್ಟಳು. ಫ್ಲಾಶಿಗೆ ಬ್ರೆಡ್ಡಿನ ಬಿಳಿ ಕವರು ಕಟ್ಟಿ ಬೆಳಕನ್ನು ಮೆತ್ತಗೆ ಮಾಡಿದಳು. ಆಮೇಲೆ ಬಟನ್ ಒತ್ತಿ ಹಿಡಿದು, "ನಡುಗು, ಎಷ್ಟು ನಡುಗ್ತೀಯೋ ನಡುಗು!" ಎಂದು ಕೈಯನ್ನೇ ಬೈದಳು. ಕ್ಯಾಮೆರಾ ಒಂದರ ಹಿಂದೊಂದು ಚಿತ್ರ ಹೊಡೆಯಿತು. ಬಹುಪಾಲು ಕಸ. ನಡುವೆ ಒಂದು ಮಾತ್ರ ಕತ್ತರಿಸಿದ ಗಾಜಿನಂತೆ ಸ್ಪಷ್ಟ.

ಅದು ಅದೃಷ್ಟವಲ್ಲ ಎಂದು ಅವಳಿಗೆ ತಕ್ಷಣ ಹೊಳೆಯಿತು. "ನೋಡು, ನನ್ನ ಕೈ ಹೇಗಿದ್ರೂ ಹಿಂದೆ ಮುಂದೆ ಹೋಗುತ್ತೆ" ಎಂದು ನನಗೆ ವಿವರಿಸಿದಳು, ನನ್ನ ಅಂಟಿನ ಡಬ್ಬಿಯನ್ನೇ ನೊಣ ಮಾಡಿಕೊಂಡು. "ಹೋಗ್ಲಿ ಬಿಡು. ಹೋಗಿ ಬರೋ ದಾರಿಯಲ್ಲಿ ಎಲ್ಲೋ ಒಂದು ಕಡೆ ನೊಣದ ಕಣ್ಣು ಸಿಗ್ಲೇಬೇಕಲ್ಲ. ಅಲ್ಲಿ ಫ್ಲಾಶ್ ಹೊಡೆದ್ರೆ ಆಯ್ತು. ಮಿಂಚು ಮುಗಿಯೋದ್ರೊಳಗೆ ಯಾವ ಕೈ ತಾನೇ ನಡುಗೋಕಾಗುತ್ತೆ?"

ಆ ಚಿತ್ರವನ್ನು ನಾನು ನೋಡಿ ಮೂಗಿನ ಮೇಲೆ ಬೆರಳಿಟ್ಟೆ. ಜೇನುಗೂಡಿನ ಹಾಗೆ ಒತ್ತೊತ್ತಾಗಿ ಜೋಡಿಸಿದ ಸಾವಿರ ಕಣ್ಣುಗಳು, ಇಟ್ಟಿಗೆಯ ಬಣ್ಣ. ಅವುಗಳ ಮೇಲೆ ಸಾಸಿವೆಗಿಂತ ಸಣ್ಣ ಇಬ್ಬನಿಯ ಹನಿಗಳು. ಮುಖದ ಒಂದೊಂದು ಕೂದಲೂ ಬೇರೆ ಬೇರೆ. ದಿನಾ ಪೇಪರಿನಿಂದ ಬಡಿದು ಸಾಯಿಸುವ ಪ್ರಾಣಿ ಅದು ಎಂದು ಹೇಳಿದರೆ ನಂಬುವುದು ಕಷ್ಟ.

ಬೀದಿ ಅವಳಿಗೆ ಹೊಸ ಹೆಸರಿಟ್ಟಿತು: ನೊಣದಕ್ಕ. ಟೀ ಅಂಗಡಿಯವನು ಶುರುಮಾಡಿದ್ದು. ಅಣ್ಣನಿಗೆ ಅದು ಕೇಳಿ ಮೈಯೆಲ್ಲ ಉರಿಯಿತು. "ಅಪ್ಪನ ಹೆಸರಿಗೆ ಮಸಿ" ಅಂದ. ಅವಳು ಆ ಹೆಸರನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಳು. ಊರಿನ ಛಾಯಾಗ್ರಾಹಕರ ಸಂಘದ ಪ್ರದರ್ಶನಕ್ಕೆ ಆ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕಳಿಸುವಾಗ ಕೆಳಗೆ ತನ್ನ ಹೆಸರಿನ ಜಾಗದಲ್ಲಿ "ನೊಣದಕ್ಕ" ಎಂದೇ ಬರೆದಳು. ಬೈಂಡಿಂಗಿನ ದಪ್ಪ ಹಲಗೆಯ ಮೇಲೆ ಅದನ್ನು ಅಂಟಿಸಿಕೊಟ್ಟವನು ನಾನೇ. ಅಕ್ಷರಗಳು ಸೊಟ್ಟಗಿದ್ದವು. ನಾನು ಬರೆದುಕೊಡುತ್ತೇನೆ ಅಂದರೆ ಕೊಡಲಿಲ್ಲ.

ಅವಳ ಚಿತ್ರಕ್ಕೆ ಮೊದಲ ಬಹುಮಾನ ಬಂತು.

ಬಹುಮಾನ ಕೊಡುವ ದಿನ ಸಭಾಂಗಣ ತುಂಬಿತ್ತು. ಗೋಡೆಗಳ ಉದ್ದಕ್ಕೂ ಚಿತ್ರಗಳು: ಬೆಟ್ಟ, ಸೂರ್ಯ, ನಗುವ ಮುದುಕಿಯರು, ನಡುವೆ ಅವಳ ನೊಣ. ನಾನು, ಅವಳ ಗಂಡ, ಅವಳ ಅಣ್ಣ ಒಂದೇ ಸಾಲಿನಲ್ಲಿ ಕೂತಿದ್ದೆವು. ಹೆಸರು ಕರೆದರು. ಕೆಲವರು ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು. ಅವಳು ವೇದಿಕೆ ಹತ್ತಿ ಫಲಕಕ್ಕೆ ಕೈ ಚಾಚಿದಳು. ಎಲ್ಲರೂ ನೋಡುತ್ತಿದ್ದರಲ್ಲ, ಕೈ ಎಂದಿಗಿಂತ ಜಾಸ್ತಿ ನಡುಗಿತು. ಫಲಕದ ಹಿಂದಿನ ಕೊಂಡಿ ಕಿಣಿಕಿಣಿ ಸದ್ದು ಮಾಡಿದ್ದು ಮೈಕಿನಲ್ಲಿ ಕೇಳಿಸಿತು.

ತೀರ್ಪುಗಾರರು ಹಿರಿಯರು, ದೊಡ್ಡ ಹೆಸರಿನವರು. ಅವಳ ಕೈ ನೋಡಿದರು, ಗೋಡೆಯ ಮೇಲಿನ ಚಿತ್ರ ನೋಡಿದರು. ಮೈಕಿನ ಮುಂದೆಯೇ ಕೇಳಿದರು.

"ತಪ್ಪು ತಿಳ್ಕೋಬೇಡಿ ಅಮ್ಮ. ಈ ಫೋಟೋ ನೀವೇ ತೆಗೆದಿದ್ದಾ?"

"ಹೌದು."

"ಅಲ್ಲ, ಇಷ್ಟು ಹತ್ತಿರದ ಫೋಟೋ ಅಂದ್ರೆ ನಮಗೇ ಉಸಿರು ಬಿಗಿ ಹಿಡೀಬೇಕಾಗುತ್ತೆ. ಅದಕ್ಕೇ ಕೇಳ್ದೆ." ಆಮೇಲೆ ನಮ್ಮ ಸಾಲಿನ ಕಡೆ ತಿರುಗಿದರು. ಸ್ಟುಡಿಯೋದ ಮಾಲೀಕನ ಪರಿಚಯ ಅವರಿಗೆ ಇತ್ತು. "ನೀವು ಹೇಳಿ ಸ್ವಾಮಿ. ನಿಮ್ಮ ತಂಗಿ ಅಲ್ವಾ? ಇವರೇ ತೆಗೆದದ್ದಾ?"

ಅಣ್ಣ ಎದ್ದು ನಿಂತ. ಒಂದು "ಹೌದು" ಸಾಕಿತ್ತು. ಅವನು ಸುತ್ತ ಕೂತಿದ್ದ ಜನರ ಮುಖ ನೋಡಿದ.

"ನಮ್ಮ ಸ್ಟುಡಿಯೋ ಕೆಲಸ ಸಾರ್" ಅಂದ. "ನಾವೆಲ್ಲ ಸೇರಿನೇ ಮಾಡೋದು."

ಸಭೆಯಲ್ಲಿ ಗುಸುಗುಸು ಹರಿಯಿತು. ತೀರ್ಪುಗಾರರು ಸಮಾಧಾನದ ದನಿಯಲ್ಲಿ, "ಹಾಗಾದ್ರೆ ಒಂದು ಕೆಲಸ ಮಾಡೋಣ. ಇಲ್ಲೇ ಕ್ಯಾಮೆರಾ ಇದೆ, ಲೆನ್ಸ್ ಇದೆ, ಮೇಜಿನ ಮೇಲೆ ಹೂವಿದೆ. ಒಂದು ಫೋಟೋ ತೆಗೆದು ತೋರಿಸಿಬಿಡಿ. ಎಲ್ಲರ ಅನುಮಾನಾನೂ ಹೋಗುತ್ತೆ" ಅಂದರು.

ತೆಗೆದುಬಿಡುತ್ತಾಳೆ, ಇವರ ಮುಖಕ್ಕೆ ಮಂಗಳಾರತಿ ಆಗುತ್ತದೆ ಎಂದು ನಾನು ಕುರ್ಚಿಯ ತುದಿಗೆ ಬಂದೆ.

"ತೋರಿಸಲ್ಲ" ಅಂದಳು.

"ಯಾಕಮ್ಮ?"

"ಇವತ್ತು ಇನ್ನೂ ನಾಲ್ಕು ಜನಕ್ಕೆ ಬಹುಮಾನ ಕೊಟ್ರಿ. ಬೆಟ್ಟ ತೆಗೆದವರನ್ನ ಬೆಟ್ಟ ಹತ್ತಿಸಿ ಪರೀಕ್ಷೆ ಮಾಡಿದ್ರಾ? ಇಲ್ಲ ಅಲ್ವಾ? ಅವರು ಹೇಳಿದ್ರು, ನೀವು ನಂಬಿದ್ರಿ. ನಾನೂ ಹೇಳ್ದೆ. ನನ್ನ ಕೈ ನೋಡೋವರೆಗೂ ಈ ಫೋಟೋ ಚೆನ್ನಾಗೇ ಇತ್ತು. ಈಗ ಅದಕ್ಕೇನಾಯ್ತು?"

 ಅವಳು ಫಲಕವನ್ನು ಮೇಜಿನ ಮೇಲಿಟ್ಟಳು. ಮೆಟ್ಟಿಲಿಳಿದು ನೇರ ಗೋಡೆಯ ಹತ್ತಿರ ಹೋಗಿ ತನ್ನ ಚಿತ್ರವನ್ನು ಕೆಳಗಿಳಿಸತೊಡಗಿದಳು. ಅದರ ಹಿಂದಿನ ತಂತಿ ಮೊಳೆಗೆ ಸಿಕ್ಕಿಕೊಂಡಿತ್ತು. ನಡುಗುವ ಬೆರಳಿಗೆ ಅದು ಬಿಡದು. ಇಡೀ ಸಭೆ ಕತ್ತು ತಿರುಗಿಸಿ ನೋಡುತ್ತಿದೆ. ಚೌಕಟ್ಟು ಗೋಡೆಗೆ ಟಕ್ ಟಕ್ ಎಂದು ಬಡಿಯುತ್ತಿದೆ. ಗಂಡ ಎದ್ದ.

"ನೀವು ಕೂತ್ಕೊಳ್ರಿ" ಅಂದಳು, ತಿರುಗದೆ.

ಅವನು ಕೂತ. ಅವಳು ಅವಸರ ಮಾಡಲಿಲ್ಲ. ತಂತಿ ಬಿಡಿಸಿಕೊಂಡಳು. ತನ್ನ ಎದೆಯಗಲದ ನೊಣವನ್ನು ಕಂಕುಳಲ್ಲಿ ಇಟ್ಟುಕೊಂಡು, ಕುರ್ಚಿಗಳ ನಡುವಿನ ದಾರಿಯಲ್ಲಿ ತಲೆ ಎತ್ತಿ ನಡೆದುಹೋದಳು. ಬಸ್ಸು ಹತ್ತದೆ ಮನೆಯವರೆಗೂ ನಡೆದೇ ಹೋದಳಂತೆ. ಎದುರು ಬಂದವರೆಲ್ಲ ಮೊದಲು ನೊಣದ ಮುಖ ನೋಡಿ ಬೆಚ್ಚಿ, ಆಮೇಲೆ ಇವಳ ಮುಖ ನೋಡಿ ಇನ್ನೂ ಬೆಚ್ಚಿ ದಾರಿ ಬಿಟ್ಟರು ಎಂದು ಹಿಂದೆಯೇ ಹೋದ ಗಂಡ ಹೇಳುತ್ತಾನೆ.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ಎತ್ತುವಾಗ ಅವಳು ಆಗಲೇ ಸ್ಟುಡಿಯೋದ ಮುಂದಿದ್ದಳು. ಗಾಜಿನ ಕಿಟಕಿಯಲ್ಲಿ ವರ್ಷಗಳಿಂದ ಇದ್ದ ಮದುವೆ ಜೋಡಿಯ ದೊಡ್ಡ ಚಿತ್ರ ನೆಲಕ್ಕಿಳಿದಿತ್ತು. ಆ ಜಾಗದಲ್ಲಿ ನೊಣ. ಅಣ್ಣ ಬಂದವನು ರಸ್ತೆಯಲ್ಲೇ ನಿಂತ.

"ಇದೇನಿದು?"

"ನಮ್ಮ ಸ್ಟುಡಿಯೋ ಕೆಲಸ. ನಾವೆಲ್ಲ ಸೇರಿ ಮಾಡಿದ್ದಲ್ವಾ? ಹಾಕಿದೀನಿ."

ಅವನು ತಲೆ ತಗ್ಗಿಸಿದ. "ನಿನಗೆ ಅರ್ಥ ಆಗಲ್ಲ. ನಡುಗೋ ಕೈಯವರು ಫೋಟೋ ತೆಗೀತಾರೆ ಅಂತ ಸುದ್ದಿ ಆದ್ರೆ ಮದುವೆಗೆ ಯಾರು ಕರೀತಾರೆ ನಮ್ಮನ್ನ?"

"ನನಗೆ ಚೆನ್ನಾಗೇ ಅರ್ಥ ಆಗಿದೆ ಅಣ್ಣ. ಮದುವೆ ಮನೇಲಿ ನೀನು ಕ್ಯಾಮೆರಾ ಕಿತ್ಕೊಂಡೆ, ನಾನು ಸಹಿಸ್ಕೊಂಡೆ. ನಿನ್ನೆ ಫೋಟೋನೇ ಕಿತ್ಕೊಂಡೆ. ಇವತ್ತಿಂದ ನಾನು ಕೌಂಟರಲ್ಲಿ ಕೂರಲ್ಲ. ಹಿಂದಿನ ರೂಮು ನನ್ನದು, ಈ ಕಿಟಕಿ ನನ್ನದು. ಮಿಕ್ಕಿದ್ದು ನೀನಿಟ್ಕೊ."

ಆ ದಿನ ಸಂಜೆ ಅಣ್ಣ ನೊಣವನ್ನು ತೆಗೆದು ಜೋಡಿಯನ್ನು ನಿಲ್ಲಿಸಿದ. ಬೆಳಿಗ್ಗೆ ಅವಳು ಜೋಡಿಯನ್ನು ತೆಗೆದು ನೊಣವನ್ನು ನಿಲ್ಲಿಸಿದಳು. ಹೀಗೇ ನಡೆಯಿತು ಕೆಲವು ದಿನ. ಎದುರಂಗಡಿಯ ನನಗೆ ಒಳ್ಳೆ ಮನರಂಜನೆ. ಕೊನೆಗೆ ಅಣ್ಣ ಸೋತ. ಅವಳ ಹಠಕ್ಕಿಂತ ಹೆಚ್ಚಾಗಿ ಅವನನ್ನು ಸೋಲಿಸಿದ್ದು ಜನ. ಅವರು ಕಿಟಕಿಯ ಮುಂದೆ ನಿಲ್ಲತೊಡಗಿದ್ದರು. ಯಾವ ವಧುವರರನ್ನೂ ಯಾರೂ ಹಾಗೆ ಮೂಗು ಗಾಜಿಗೊತ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಹಾಗೆ ನಿಂತವರಲ್ಲಿ ಬೀಜ, ಗೊಬ್ಬರ ಮಾರುವ ಅಂಗಡಿಯವರೊಬ್ಬರು ಒಳಗೆ ಬಂದು, ಎಲೆ ತಿನ್ನುವ ಹುಳುಗಳನ್ನೂ ಹೀಗೆ ತೆಗೆದುಕೊಡುತ್ತೀರಾ, ರೈತರಿಗೆ ತೋರಿಸಬೇಕು, ಬರಿಗಣ್ಣಿಗೆ ಗುರುತು ಸಿಗುವುದಿಲ್ಲ ಎಂದು ಕೇಳಿದರು. ಅಣ್ಣ ಬಾಯಿ ತೆರೆಯುವ ಮೊದಲೇ ಅವಳು ಎರಡೂ ಕೈ ಅವರ ಮುಂದೆ ಚಾಚಿ ತೋರಿಸಿದಳು.

"ಮೊದ್ಲು ಇದನ್ನ ನೋಡ್ಕೊಳ್ಳಿ. ಆಮೇಲೆ ಗೊತ್ತಿರ್ಲಿಲ್ಲ ಅನ್ಬೇಡಿ."

ಅವರು ನೋಡಿದರು. "ನನಗೆ ಹುಳ ಕಾಣ್ಸಿದ್ರೆ ಆಯ್ತಮ್ಮ" ಅಂದರು. ಆ ಕೆಲಸ ಇವತ್ತಿಗೂ ನಡೆಯುತ್ತಿದೆ.

ಕೆಲವು ತಿಂಗಳ ನಂತರ ಸಂಘದವರಿಬ್ಬರು ಫಲಕವನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಆಗಿದ್ದು ಆಗಿಹೋಯಿತು, ಇಟ್ಟುಕೊಂಡುಬಿಡಿ ಅಕ್ಕ, ಗಲಾಟೆ ಯಾಕೆ ಅಂದರು.

"ಕೇಳಿದ್ದು ಮೈಕಲ್ಲಿ. ಹೇಳೋದೂ ಮೈಕಲ್ಲೇ ಹೇಳಿ. ಆಗ ಬಂದು ಇಸ್ಕೋತೀನಿ" ಅಂದಳು.

 ಆಗ ಅಣ್ಣ, ಯಾರೂ ಕೇಳದಿದ್ದರೂ, ಒಳಗಿನಿಂದ ಬಂದ. "ಫೋಟೋ ಅವಳದ್ದೇ. ನಾನು ಒಂದು ಕೈಯೂ ಹಾಕಿಲ್ಲ. ಅವತ್ತೇ ಹೇಳ್ಬೇಕಿತ್ತು, ಹೇಳ್ಲಿಲ್ಲ" ಅಂದ.   ಅವಳು ಕರಗಿ ಅಪ್ಪಿಕೊಳ್ಳುತ್ತಾಳೆ ಎಂದು ಅಲ್ಲೇ ಇದ್ದ ನಾನು ಅಂದುಕೊಂಡೆ. "ಸಭೆ ಕರೆದಾಗ ನೀನೂ ಬಾ. ಅಲ್ಲೂ ಇದನ್ನೇ ಹೇಳು" ಎಂದು ಒಳಗೆ ಹೋದಳು. ಸಂಘ ಇನ್ನೂ ಆ ಸಭೆ ಕರೆದಿಲ್ಲ. ಫಲಕ ಅವರ ಬೀರುವಿನಲ್ಲೇ ಇದೆ. ಆದರೆ ಅಣ್ಣ ತಂಗಿ ಮಧ್ಯಾಹ್ನದ ಊಟ ಮತ್ತೆ ಒಟ್ಟಿಗೆ ಮಾಡುತ್ತಾರೆ. ಉಪ್ಪು ಜಾಸ್ತಿಯಾಯಿತೆಂದು ಜಗಳವಾಡುವುದು ನನ್ನ ಅಂಗಡಿಗೆ ಕೇಳಿಸುತ್ತದೆ.

ಈಗ ಅವಳ ಎಡಗೈಯೂ ನಡುಗುತ್ತದೆ. ಬೇಕರಿಯ ಹಿಂದಿನ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದಿದೆ. ಅವಳು ಊರ ಹೊರಗಿನ ಕಾಲುವೆಯ ದಂಡೆಗೆ ಹೋಗುತ್ತಾಳೆ. ಕೆಲಸ ಬಿಟ್ಟ ಗಂಡ ಮರಳಿನ ಚೀಲ ಹೊತ್ತು ಹಿಂದೆ ಹೋಗುತ್ತಾನೆ. ಹೋದ ವಾರ ನಾನೂ ಜೊತೆಗಿದ್ದೆ. ಅವಳು ಕೆಸರಿನ ಅಂಚಿನಲ್ಲಿ ಅಂಗಾತ ಬಿದ್ದ ಒಂದು ಎಲೆಯ ಎದುರು ಮಲಗಿದ್ದಳು. ಬೆಳಗಿನ ವಾಕಿಂಗಿಗೆ ಬಂದ ಗೃಹಸ್ಥರೊಬ್ಬರು ಅವಳ ಕೈಗಳನ್ನೂ ಅವಳನ್ನೂ ನೋಡಿ, ಕನಿಕರದಿಂದ ಬಗ್ಗಿ ಕೇಳಿದರು: "ಏನಮ್ಮ, ಹುಷಾರಿಲ್ವಾ? ಎತ್ತಿ ಕೂರಿಸ್ಲಾ?"

ಅವಳು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

"ಹುಷಾರಾಗೇ ಇದೀನಿ. ನಿಮ್ಮ ನೆರಳು ಬೀಳ್ತಿದೆ, ಸ್ವಲ್ಪ ಆ ಕಡೆ ಸರೀರಿ."

ಅವರು ಸರಿದರು.